ಕೈಗಡಿಯಾರದ ದಿಕ್ಸೂಚಿ, ಹಡಗಿನ ಕಬ್ಬಿಣ

ಹೋದ ವರ್ಷ ನನ್ನ ಸೋದರಮಾವ ಮನೆ ಕಟ್ಟಿಸುತ್ತಿದ್ದರು. ಕಾಲಂ ಎದ್ದಿದ್ದವು. ಮೂಡಣದ ಗೋಡೆಗೆ ದೊಡ್ಡ ಬಾಗಿಲಿನ ಚೌಕಟ್ಟು ನಿಲ್ಲಿಸಿ ಪೂಜೆಯೂ ಆಗಿತ್ತು. ಆಗ ಯಾರೋ ಹೇಳಿದರೆಂದು ವಾಸ್ತು ನೋಡುವವರನ್ನು ಕರೆಸಿದರು. ಅವರು ಹೊಸ್ತಿಲ ಮೇಲೆ ಫೋನು ಇಟ್ಟು ನೋಡಿ, ಇದು ಮೂಡಣ ಮುಖದ ಬಾಗಿಲೇ ಅಲ್ಲ, ಆಗ್ನೇಯ ಅಂದುಬಿಟ್ಟರು. ಮಾವನಿಗೆ ದಿಗಿಲಾಯಿತು. ನಾನು ಅಲ್ಲೇ ಇದ್ದೆ.

"ಅಳಿಯಾ, ನಿನ್ನ ವಾಚಿನಾಗ ದಿಕ್ಕು ತೋರಸ್ತೈತಂತಲ್ಲ, ನೀನೂ ಒಮ್ಮೆ ನೋಡು" ಅಂದರು.

ವರದಿಗೆ ಅಲ್ಲಿ ಇಲ್ಲಿ ಗುಡ್ಡ ಹತ್ತಿಳಿಯುವವನು ನಾನು. ಡಿಜಿಟಲ್ ದಿಕ್ಸೂಚಿ ಇರುವ ಕೈಗಡಿಯಾರ ಕೊಂಡು ಮೂರು ವರ್ಷವಾಗಿತ್ತು, ಅದನ್ನು ತೋರಿಸಿಕೊಳ್ಳುವ ಹುಕಿಯೂ ಇತ್ತು. ಅದೇ ಹೊಸ್ತಿಲ ಮೇಲೆ ನಿಂತು ಗುಂಡಿ ಒತ್ತಿದೆ. ಮೂಡಣ ಅಂದರೆ 90 ಡಿಗ್ರಿ. ಗಡಿಯಾರ 121 ತೋರಿಸಿತು. ಅವರ ಫೋನಿನಲ್ಲಿ 128 ಇತ್ತು. ಎರಡು ಯಂತ್ರ ಹೆಚ್ಚುಕಡಿಮೆ ಒಂದೇ ಮಾತು ಹೇಳಿದ ಮೇಲೆ ಇನ್ನೇನು? "ಹೌದು ಮಾವ, ಆಗ್ನೇಯಕ್ಕೇ ವಾಲೈತಿ" ಅಂದೆ. ಮರುದಿನವೇ ಚೌಕಟ್ಟು ಕಿತ್ತರು. ಬಡಗಣದ ಗೋಡೆ ಒಡೆದು ಬಾಗಿಲನ್ನು ಅಲ್ಲಿಗೆ ಒಯ್ದರು.

ಬುನಾದಿ ಹಾಕಿದ್ದ ಹಿರಿಯ ಗೌಂಡಿ ಆ ವಾರ ಜಾತ್ರೆಗೆ ಹೋಗಿದ್ದರು. ತಿರುಗಿ ಬಂದು ನೋಡಿ ಏನೂ ಮಾತಾಡಲಿಲ್ಲ. ಮನೆಯ ಮುಂದಿನ ಬಯಲಿನಲ್ಲಿ ನೆಲ ಮಟ್ಟಮಾಡಿ, ನೆಟ್ಟಗೆ ಒಂದು ಕೋಲು ನಿಲ್ಲಿಸಿ, ಅದರ ಸುತ್ತ ಹಗ್ಗದಿಂದ ಒಂದು ವೃತ್ತ ಗೀರಿದರು. ಬೆಳಿಗ್ಗೆ ಕೋಲಿನ ನೆರಳಿನ ತುದಿ ವೃತ್ತ ಮುಟ್ಟಿದ ಜಾಗದಲ್ಲಿ ಒಂದು ಮೊಳೆ, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದ ಜಾಗದಲ್ಲಿ ಇನ್ನೊಂದು ಮೊಳೆ. ಎರಡಕ್ಕೂ ದಾರ ಕಟ್ಟಿದರು. ಆ ದಾರವೇ ಪಡುವಣ-ಮೂಡಣ. ಕಿತ್ತ ಬಾಗಿಲಿನ ಗೋಡೆ ಆ ದಾರಕ್ಕೆ ಹೆಚ್ಚುಕಡಿಮೆ ಕಾಟಕೋನದಲ್ಲಿತ್ತು. ಬಾಗಿಲು ಮೂಡಣಕ್ಕೇ ಇತ್ತು.

"ನಾ ಬುನಾದಿ ಹಾಕೂ ಮುಂದ ಇದನ್ನ ನೋಡಿಕೊಂಡಿದ್ನಿ ತಮ್ಮಾ" ಅಂದರು ಅಜ್ಜ. ನನ್ನ ಕಡೆ ನೋಡಿಯೇ ಅಂದರು.

ಈ ಕೋಲಿನ ಲೆಕ್ಕ ಬಹಳ ಹಳೆಯದು. ಯಜ್ಞದ ವೇದಿಕೆ ಕಟ್ಟುವ ಅಳತೆ ಹೇಳುವ ಕಾತ್ಯಾಯನ ಶುಲ್ಬಸೂತ್ರದಲ್ಲೇ ಶಂಕು ನೆಟ್ಟು, ವೃತ್ತ ಎಳೆದು ಮೂಡಣ ಗುರುತಿಸುವ ಕ್ರಮವಿದೆ. ಅಜ್ಜ ಸೂತ್ರ ಓದಿದವರಲ್ಲ, ಅವರಿಗೆ ಅವರ ಅಪ್ಪ ಹೇಳಿಕೊಟ್ಟಿದ್ದು. ನನಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಕೋಲು ಸುಳ್ಳು ಹೇಳದಿದ್ದರೆ, ಎರಡೆರಡು ಯಂತ್ರ ಒಟ್ಟಿಗೆ ಯಾಕೆ ಸುಳ್ಳು ಹೇಳಿದವು? ಉತ್ತರ ಹುಡುಕುತ್ತ ಹೋದರೆ ಅದು ಹಡಗುಗಳ ಇತಿಹಾಸದಲ್ಲಿ ಸಿಕ್ಕಿತು.

ಸೂಜಿ ನೇರ ಉತ್ತರಕ್ಕೆ ನಿಲ್ಲುವುದಿಲ್ಲ ಅನ್ನುವುದು ಮೊದಲಿನಿಂದಲೂ ಗೊತ್ತಿದ್ದ ಸಂಗತಿಯೇ. ಚೀನಾದ ಶೆನ್ ಕುವೊ 1088ರ ಸುಮಾರಿಗೆ ಬರೆದ ಪುಸ್ತಕದಲ್ಲಿ, ಸೂಜಿ ದಕ್ಷಿಣಕ್ಕೆ ಸರಿಯಾಗಿ ನಿಲ್ಲದೆ ತುಸು ಪೂರ್ವಕ್ಕೆ ವಾಲುತ್ತದೆ ಎಂದು ಹೇಳಿದ್ದಾನೆ. ಭೂಮಿಯ ಕಾಂತದ ಉತ್ತರವೂ ನಿಜವಾದ ಉತ್ತರವೂ ಬೇರೆ ಬೇರೆ ಇರುವುದರಿಂದ ಆಗುವ ವ್ಯತ್ಯಾಸ ಇದು. ಧೂಮಕೇತುವಿನ ಹ್ಯಾಲಿ ಗೊತ್ತಲ್ಲ, ಆತನೇ ಹಡಗಿನಲ್ಲಿ ತಿರುಗಿ ಅಟ್ಲಾಂಟಿಕ್ ಸಾಗರದಲ್ಲಿ ಎಲ್ಲೆಲ್ಲಿ ಎಷ್ಟು ವ್ಯತ್ಯಾಸ ಎಂದು 1701ರಲ್ಲಿ ನಕಾಶೆ ಮಾಡಿದ. ನಮ್ಮ ಕರ್ನಾಟಕದಲ್ಲಿ ಈ ವ್ಯತ್ಯಾಸ ಒಂದೆರಡು ಡಿಗ್ರಿ ಮಾತ್ರ. ಮನೆ ಬಾಗಿಲಿನ ಮಟ್ಟಿಗೆ ಲೆಕ್ಕಕ್ಕೇ ಇಲ್ಲ. ಅಂದರೆ ನಮ್ಮ 30 ಡಿಗ್ರಿಯ ತಪ್ಪು ಭೂಮಿಯದಲ್ಲ.

ಅದು ಕಬ್ಬಿಣದ್ದು. ಇದನ್ನು ಕ್ರಮವಾಗಿ ಪತ್ತೆ ಹಚ್ಚಿದವನು ಮ್ಯಾಥ್ಯೂ ಫ್ಲಿಂಡರ್ಸ್ ಎಂಬ ಇಂಗ್ಲಿಷ್ ನಾವಿಕ. 1801ರಿಂದ 1803ರವರೆಗೆ 'ಇನ್ವೆಸ್ಟಿಗೇಟರ್' ಹಡಗಿನಲ್ಲಿ ಆಸ್ಟ್ರೇಲಿಯಾದ ಕರಾವಳಿಯ ನಕಾಶೆ ಮಾಡುತ್ತಿದ್ದಾಗ ಅವನಿಗೆ ಒಂದು ವಿಚಿತ್ರ ಕಂಡಿತು. ಹಡಗಿನ ಮೂತಿ ಉತ್ತರಕ್ಕೋ ದಕ್ಷಿಣಕ್ಕೋ ಇದ್ದಾಗ ದಿಕ್ಸೂಚಿ ಸರಿಯಾಗಿಯೇ ಇರುತ್ತಿತ್ತು. ಮೂತಿ ಪೂರ್ವಕ್ಕೆ ತಿರುಗಿದರೆ ಸೂಜಿ ಒಂದು ಕಡೆ ತಪ್ಪುತ್ತಿತ್ತು, ಪಶ್ಚಿಮಕ್ಕೆ ತಿರುಗಿದರೆ ಇನ್ನೊಂದು ಕಡೆ. ದಂಡೆಯ ಗುಡ್ಡ ಇದ್ದಲ್ಲೇ ಇದೆ, ಅದನ್ನು ತೋರಿಸುವ ಡಿಗ್ರಿ ಮಾತ್ರ ಹಡಗು ತಿರುಗಿದಂತೆ ಬದಲಾಗುತ್ತಿತ್ತು. ಹಾಗಾದರೆ ಕಾರಣ ಹಡಗಿನಲ್ಲೇ ಇದೆ, ಅದರ ತೋಪು, ಲಂಗರು, ಮೊಳೆಗಳ ಕಬ್ಬಿಣದಲ್ಲಿ ಎಂದು ಅವನು ತರ್ಕ ಮಾಡಿದ. ಊರಿಗೆ ಮರಳುವ ದಾರಿಯಲ್ಲಿ ಮಾರಿಷಸ್‌ನಲ್ಲಿ ಫ್ರೆಂಚರು ಅವನನ್ನು ಹಿಡಿದು ಆರು ವರ್ಷಕ್ಕೂ ಹೆಚ್ಚು ಇಟ್ಟುಕೊಂಡರು. ಅಲ್ಲಿ ಸೆರೆಯಲ್ಲಿದ್ದಾಗಲೇ ಈ ವಿಷಯದ ಲೇಖನ ಬರೆದು ಲಂಡನ್ನಿಗೆ ಕಳಿಸಿದ. ಸೂಜಿಯ ಹತ್ತಿರ ನೆಟ್ಟಗೆ ಒಂದು ಕಬ್ಬಿಣದ ಸಲಾಕೆ ನಿಲ್ಲಿಸಿ ಹಡಗಿನ ಸೆಳೆತವನ್ನು ಸರಿದೂಗಿಸಬಹುದೆಂಬ ಯೋಚನೆ ಅವನದು. ಆ ಸಲಾಕೆಗೆ ಇವತ್ತಿಗೂ ಅವನದೇ ಹೆಸರು.

ಫ್ಲಿಂಡರ್ಸ್ ಕಾಲದ ಹಡಗು ಮರದ್ದು. ಮುಂದೆ ಇಡೀ ಹಡಗನ್ನೇ ಕಬ್ಬಿಣದಲ್ಲಿ ಕಟ್ಟತೊಡಗಿದಾಗ ಅನಾಹುತ ಶುರುವಾಯಿತು. 1838ರಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ 'ರೇನ್‌ಬೋ' ಎಂಬ ಕಬ್ಬಿಣದ ಹಡಗನ್ನು ನೀರಿನಲ್ಲಿ ಸುತ್ತಲೂ ತಿರುಗಿಸಿ, ಪ್ರತಿ ದಿಕ್ಕಿಗೂ ಸೂಜಿ ಎಷ್ಟು ತಪ್ಪುತ್ತದೆ ಎಂದು ಅಳೆದ. ತಪ್ಪು ಹತ್ತಾರು ಡಿಗ್ರಿ ಇತ್ತು. ಆ ಲೆಕ್ಕ ಹಿಡಿದು ದಿಕ್ಸೂಚಿಯ ಹತ್ತಿರ ಅಯಸ್ಕಾಂತಗಳನ್ನೂ ಮೆತು ಕಬ್ಬಿಣವನ್ನೂ ಇಟ್ಟು ತಪ್ಪನ್ನು ಹೊಡೆದುಹಾಕಿದ. ಅಲ್ಲಿಂದ ಮುಂದೆ ಹಡಗು ಬಂದರು ಬಿಡುವ ಮುಂಚೆ ಅದನ್ನು ಒಂದು ಸುತ್ತು ತಿರುಗಿಸಿ ದಿಕ್ಸೂಚಿ ತಿದ್ದುವುದು ರೂಢಿಯಾಯಿತು.

ಹಾಗಿದ್ದೂ 1854ರ ಜನವರಿಯಲ್ಲಿ 'ಟೇಲರ್' ಎಂಬ ಹೊಸ ಕಬ್ಬಿಣದ ಹಡಗು ಲಿವರ್‌ಪೂಲ್‌ನಿಂದ ಆಸ್ಟ್ರೇಲಿಯಾಕ್ಕೆ ಹೊರಟು, ಎರಡೇ ದಿನಕ್ಕೆ ಐರ್ಲೆಂಡಿನ ಲ್ಯಾಂಬೇ ದ್ವೀಪದ ಬಂಡೆಗೆ ಬಡಿಯಿತು. ದಕ್ಷಿಣಕ್ಕೆ ಹೋಗುತ್ತಿದ್ದೇವೆ ಅಂದುಕೊಂಡವರು ಪಶ್ಚಿಮಕ್ಕೆ ಹೋಗಿದ್ದರು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ತಿದ್ದಿದ ದಿಕ್ಸೂಚಿಯೂ ಯಾಕೆ ಕೈಕೊಡುತ್ತದೆ ಎಂದು ವಿಲಿಯಂ ಸ್ಕೋರ್ಸ್‌ಬಿ ಎಂಬಾತ ವಿವರಿಸಿದ. ಈತ ಮೊದಲು ತಿಮಿಂಗಿಲ ಬೇಟೆಯ ಹಡಗಿನ ಕಪ್ತಾನ, ಆಮೇಲೆ ಪಾದ್ರಿ. ಹಡಗು ಕಟ್ಟುವಾಗ ಸುತ್ತಿಗೆಯ ಏಟು ತಿಂದು ಕಬ್ಬಿಣ ಅಯಸ್ಕಾಂತವಾಗುತ್ತದೆ, ಕಡಲಿಗೆ ಹೋಗಿ ಅಲೆಗಳ ಹೊಡೆತ ತಿಂದರೆ ಆ ಕಾಂತ ಬದಲಾಗುತ್ತದೆ ಎಂದ. ಬಂದರಿನಲ್ಲಿ ಮಾಡಿದ ತಿದ್ದುಪಡಿ ಆಮೇಲೆ ತಾನೇ ತಪ್ಪಾಗುತ್ತದೆ. ಇದನ್ನು ತೋರಿಸಲು 1856ರಲ್ಲಿ, ಅರವತ್ತು ದಾಟಿದ ವಯಸ್ಸಿನಲ್ಲಿ, 'ರಾಯಲ್ ಚಾರ್ಟರ್' ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ. ಅವನ ಸಲಹೆ ಸರಳ: ಒಂದು ದಿಕ್ಸೂಚಿಯನ್ನು ಕಬ್ಬಿಣದಿಂದ ದೂರ, ಎತ್ತರದ ಪಟಸ್ತಂಭದ ಮೇಲೆ ಇಡಿ.

ಈಗ ಕೈಗಡಿಯಾರಕ್ಕೆ ಬರೋಣ. ಅದರೊಳಗೆ ತಿರುಗುವ ಸೂಜಿ ಇಲ್ಲ. ಕಾಂತದ ಸೆಳೆತಕ್ಕೆ ಕಬ್ಬಿಣದಲ್ಲಿ ಕರೆಂಟು ಹರಿಯುವ ಸುಲಭ-ಕಷ್ಟ ತುಸು ಬದಲಾಗುತ್ತದೆ ಎಂದು 1856ರಲ್ಲಿ ಕಂಡುಕೊಂಡವನು ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್. ಹಡಗಿನ ದಿಕ್ಸೂಚಿ ಸುಧಾರಿಸಿ 1876ರಲ್ಲಿ ಪೇಟೆಂಟ್ ಪಡೆದವನೂ ಅವನೇ. ಆ ಗುಣವನ್ನೇ ಬಳಸುವ ಸಣ್ಣ ಸಂವೇದಕಗಳು ಇಂಥ ಗಡಿಯಾರಗಳಲ್ಲಿ ಬಂದವು. ಜಪಾನಿನ ಕ್ಯಾಸಿಯೊ 1990ರ ದಶಕದಲ್ಲಿ ಅವನ್ನು ಮಾರಿತು. 1936ರಿಂದಲೇ ದಿಕ್ಸೂಚಿ ಮಾಡುತ್ತಿದ್ದ ಫಿನ್‌ಲ್ಯಾಂಡಿನ ಸುಂಟೊ ಕಂಪನಿ 1998ರಲ್ಲಿ 'ವೆಕ್ಟರ್' ತಂದಿತು.

ಯಂತ್ರ ಹೊಸದಾದರೂ ರೋಗ ಹಳೆಯದೇ. ಗಡಿಯಾರವೂ ಒಂದು ಸಣ್ಣ ಹಡಗು. ಅದರ ಬ್ಯಾಟರಿಯ ಉಕ್ಕಿನ ಹೊದಿಕೆ, ಸ್ಕ್ರೂ, ಸ್ಪ್ರಿಂಗು ತಾವೂ ತುಸು ಸೆಳೆಯುತ್ತವೆ. ಕ್ಯಾಲಿಬ್ರೇಟ್ ಮಾಡುವಾಗ ನೆಲಕ್ಕೆ ಸಮನಾಗಿ ಹಿಡಿದು ನಿಧಾನ ಒಂದೆರಡು ಸುತ್ತು ತಿರುಗಿಸಿ ಅನ್ನುತ್ತದಲ್ಲ, ಅದು ಏರಿ ಹಡಗು ತಿರುಗಿಸಿದ ಕೆಲಸವೇ. ಕಣದಲ್ಲಿ ಎತ್ತು ತುಳಿದ ಹೆಜ್ಜೆ ನೋಡಿದರೆ ಮೇಟಿ ಎಲ್ಲಿತ್ತು ಅಂತ ಹೇಳಬಹುದು. ಹಾಗೆಯೇ ಒಂದು ಸುತ್ತಿನ ಅಳತೆಗಳು ಸಿಕ್ಕರೆ ಗಡಿಯಾರ ಆ ಸುತ್ತಿನ ನಡುಮಧ್ಯ ಹುಡುಕುತ್ತದೆ. ನಡು ಎಷ್ಟು ಪಕ್ಕಕ್ಕೆ ಸರಿದಿದೆಯೋ ಅಷ್ಟು ತನ್ನದೇ ಕಬ್ಬಿಣದ ತಪ್ಪು ಎಂದು ಕಳೆದುಬಿಡುತ್ತದೆ. ಕೆಲವು ಗಡಿಯಾರಗಳಲ್ಲಿ ಸುತ್ತುವ ಬದಲು ಒಮ್ಮೆ ಗುಂಡಿ ಒತ್ತಿ, ತಿರುಗುಮುರುಗು ಇಟ್ಟು ಇನ್ನೊಮ್ಮೆ ಒತ್ತುವುದಿರುತ್ತದೆ. ಫೋನಿನಲ್ಲಿ ಗಾಳಿಯಲ್ಲಿ ಇಂಗ್ಲಿಷಿನ ಎಂಟು ಬರೆಯುವುದೂ ಇದಕ್ಕೇ. ಬ್ಯಾಟರಿ ಬದಲಿಸಿದರೆ, ಸ್ಪೀಕರಿನಂಥ ಅಯಸ್ಕಾಂತದ ಪಕ್ಕ ಇಟ್ಟಿದ್ದರೆ ಮತ್ತೆ ಮಾಡಬೇಕು. ಸ್ಕೋರ್ಸ್‌ಬಿ ಹೇಳಿದ್ದು ಅದನ್ನೇ ತಾನೆ. ನಾನು ಬ್ಯಾಟರಿ ಹಾಕಿಸಿ ಎಂಟು ತಿಂಗಳಾಗಿತ್ತು, ಒಮ್ಮೆಯೂ ತಿರುಗಿಸಿರಲಿಲ್ಲ.

ಆದರೆ ಅಂದಿನ ತಪ್ಪು ಅಷ್ಟೇ ಆಗಿರಲಿಲ್ಲ, ಮುಖ್ಯವಾದದ್ದೂ ಅದಲ್ಲ. ತಿರುಗಿಸಿ ತಿದ್ದುವುದು ಗಡಿಯಾರದ ಜೊತೆ ತಿರುಗುವ ಕಬ್ಬಿಣಕ್ಕೆ ಮಾತ್ರ. ಹೊರಗಿನ ಕಬ್ಬಿಣಕ್ಕೆ ಅದು ಮದ್ದಲ್ಲ. ಮಾವನ ಹೊಸ್ತಿಲ ಎರಡೂ ಕಡೆ ಕಾಲಂ, ಕಾಲಂ ಒಳಗೆ ಸರಳು. ಸ್ಲ್ಯಾಬಿಗೆಂದು ತಂದ ಸರಳಿನ ಕಟ್ಟು ಅಲ್ಲೇ ಬಾಗಿಲಿಗೆ ಅಡ್ಡ ಬಿದ್ದಿತ್ತು. ನಾನು ಅದರ ಮೇಲೆ ಒಂದು ಕಾಲಿಟ್ಟೇ ಡಿಗ್ರಿ ಓದಿದ್ದೆ! ಫೋನೂ ಗಡಿಯಾರವೂ ಒಂದೇ ಸರಳಿನ ಸೆಳೆತ ಅಳೆದವು, ಅದಕ್ಕೇ ಒಂದೇ ಮಾತು ಹೇಳಿದವು. ಅಂಥ ಜಾಗದಲ್ಲಿ ಕ್ಯಾಲಿಬ್ರೇಟ್ ಮಾಡಿದರಂತೂ ಇನ್ನೂ ಕೆಡುತ್ತದೆ. ಬೈಕು, ಟ್ರ್ಯಾಕ್ಟರು, ಬೋರಿನ ಪೈಪು, ತಗಡಿನ ಶೆಡ್ಡು, ಎಲ್ಲದರಿಂದ ಹತ್ತಿಪ್ಪತ್ತು ಹೆಜ್ಜೆ ಆಚೆ ಬಯಲಿಗೆ ಹೋಗಿ ತಿದ್ದಬೇಕು, ಬಯಲಲ್ಲೇ ಅಳೆಯಬೇಕು. ಗೋಡೆಯ ದಿಕ್ಕು ಬೇಕಾದರೆ ದೂರ ನಿಂತು, ಗೋಡೆಗೆ ನೇರ ಮುಖಮಾಡಿ ಓದಬೇಕು. ಸಂಶಯ ಬಂದರೆ ನಾಲ್ಕು ಜಾಗದಲ್ಲಿ ಓದಿ ನೋಡಿ. ನಾಲ್ಕೂ ಬೇರೆ ಬೇರೆ ಬಂದರೆ ಅಲ್ಲೆಲ್ಲೋ ಕಬ್ಬಿಣವಿದೆ.

ಸಮಾಧಾನದ ಮಾತೊಂದಿದೆ. ನಮ್ಮ ಕಡೆ ದಿಕ್ಸೂಚಿಗೆ ಕೆಲಸ ಸುಲಭ. ಭೂಮಿಯ ಕಾಂತದ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರವೇ ಹಾಯುತ್ತದೆ. 1963ರಲ್ಲಿ ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿಸಿದ್ದೂ ಆ ಕಾರಣಕ್ಕೇ. ಹೀಗಾಗಿ ನಮ್ಮಲ್ಲಿ ಭೂಮಿಯ ಸೆಳೆತ ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮಲಗಿರುತ್ತದೆ. ಧ್ರುವದ ಹತ್ತಿರದ ದೇಶಗಳಲ್ಲಿ ಅದು ನೆಲದೊಳಕ್ಕೆ ಬಾಗಿರುವುದರಿಂದ ಗಡಿಯಾರ ತುಸು ವಾಲಿದರೂ ಬಹಳ ತಪ್ಪುತ್ತದೆ.

ತಿಂಗಳ ಮೇಲೆ ಮಾವನ ಮನೆಗೆ ಹೋದಾಗ ಮೊದಲು ಹೊಲದಲ್ಲಿ ನಿಂತು ಗಡಿಯಾರ ತಿದ್ದಿಕೊಂಡೆ. ಮೂವತ್ತು ಹೆಜ್ಜೆ ದೂರದಿಂದ ಆ ಗೋಡೆ ನೋಡಿ ಲೆಕ್ಕ ಹಾಕಿದರೆ 93 ಬಂತು. ಹಳೆಯ ಹೊಸ್ತಿಲ ಜಾಗಕ್ಕೆ ಬಂದರೆ ಅದೇ ಗಡಿಯಾರ ಮತ್ತೆ 117 ಅಂದಿತು. ಮಾವನಿಗೆ ಎರಡನ್ನೂ ತೋರಿಸಿ ತಪ್ಪಾಯಿತು ಅಂದೆ. ಅವರು ಗಡಿಯಾರ ಈಸಿಕೊಂಡು ಹಿಂದೆ ಮುಂದೆ ನಾಲ್ಕು ಸಲ ಓಡಾಡಿ, ಅಂಕಿ ಬದಲಾಗುವುದನ್ನು ಕಣ್ಣಾರೆ ನೋಡಿದರು.

"ಇನ್ನೊಮ್ಮೆ ಕೀಳೂದು ಆಗೂದಿಲ್ಲ ಬಿಡು. ಅಲ್ಲೊಂದು ಕಿಟಕಿ ಇಡಸ್ತೀನಿ, ಹೊತ್ತು ಮೂಡಿದ ಬೆಳಕರ ಒಳಗ ಬರಲಿ" ಅಂದರು.

ಕಿಟಕಿಯ ಅಳತೆ ತೆಗೆಯಲು ಅಜ್ಜನೇ ಬಂದರು. ನನ್ನನ್ನು ಟೇಪಿನ ತುದಿ ಹಿಡಿಯಲು ನಿಲ್ಲಿಸಿದರು.