ದೀರ್ಘಾವಧಿ ಇನ್ಸುಲಿನ್ ಮತ್ತು ಟೈಪ್ 2 ಮಧುಮೇಹ

ಚರ್ಮದಡಿ ಚುಚ್ಚಿದ ಜಾಗದಿಂದ ಸಾವಕಾಶವಾಗಿ ರಕ್ತಕ್ಕಿಳಿದು, ಊಟವಿಲ್ಲದ ಹೊತ್ತಿನಲ್ಲೂ, ಮುಖ್ಯವಾಗಿ ರಾತ್ರಿಯಿಡೀ, ಸಕ್ಕರೆಯನ್ನು ಹತೋಟಿಯಲ್ಲಿಡುವುದೇ ದೀರ್ಘಾವಧಿ ಇನ್ಸುಲಿನ್. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ಮಧುಮೇಹಿಯೊಬ್ಬನಿಗೆ ಕೊಟ್ಟ ಇನ್ಸುಲಿನ್ನಿನ ಪ್ರಭಾವ ಕೆಲವೇ ಗಂಟೆಗಳದ್ದು. ದಿನಕ್ಕೆ ಹಲವು ಸಲ ಸೂಜಿ ಚುಚ್ಚದೆ ಗತ್ಯಂತರವಿರಲಿಲ್ಲ.

ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಹ್ಯಾಗೆಡಾರ್ನ್ 1936ರಲ್ಲಿ ಇದಕ್ಕೆ ದಾರಿ ಕಂಡರು. ಟ್ರೌಟ್ ಮೀನಿನ ವೀರ್ಯದಿಂದ ತೆಗೆದ ಪ್ರೋಟಮೀನ್ ಬೆರೆಸಿದ ಇನ್ಸುಲಿನ್ ಬೇಗ ಕರಗುವುದಿಲ್ಲ. ಅದೇ ವರ್ಷ ಟೊರಾಂಟೊದ ಸ್ಕಾಟ್ ಮತ್ತು ಫಿಶರ್ ಸತುವನ್ನೂ ಸೇರಿಸಿ ಅವಧಿಯನ್ನು ಇನ್ನಷ್ಟು ಹಿಗ್ಗಿಸಿದರು. ಈ ಪ್ರಯೋಗಗಳ ಫಲವೇ 1946ರ ಎನ್‌ಪಿಎಚ್ ಎಂಬ ಇನ್ಸುಲಿನ್. ಮಬ್ಬು ದ್ರವವಾದ ಇದರ ಸೀಸೆಯನ್ನು ಅಂಗೈಗಳ ನಡುವೆ ಹೊರಳಿಸಿಯೇ ಬಳಸಬೇಕು. ಇದರ ತೊಡಕೆಂದರೆ, ಚುಚ್ಚಿದ ಕೆಲವು ಗಂಟೆಗಳ ಬಳಿಕ ಪ್ರಭಾವ ಗರಿಷ್ಠ ಮಟ್ಟಕ್ಕೇರುತ್ತದೆ. ಮಲಗುವಾಗ ತೆಗೆದುಕೊಂಡವರಿಗೆ ನಡುರಾತ್ರಿ ಸಕ್ಕರೆ ಕುಸಿದು ಬೆವರುವ ಭಯ.

ಟೈಪ್ 2 ರೋಗಿಗಳಲ್ಲಿ ಇನ್ಸುಲಿನ್ ಬಹುಕಾಲ ಕಡೆಯ ಅಸ್ತ್ರವಾಗಿಯೇ ಉಳಿಯಿತು. ಮಾತ್ರೆಗಳು ಸೋತ ಮೇಲಷ್ಟೇ ಅದರ ಸರದಿ. ಸಕ್ಕರೆಯನ್ನು ಬಿಗಿಯಾಗಿ ಹಿಡಿದರೆ ಕಣ್ಣು, ಮೂತ್ರಪಿಂಡಗಳಿಗೆ ಆಗುವ ಹಾನಿ ತಗ್ಗುತ್ತದೆಂದು 1998ರಲ್ಲಿ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ತೋರಿಸಿದ ಮೇಲೆ ಈ ಧೋರಣೆ ಸಡಿಲವಾಯಿತು.

2000ದಲ್ಲಿ ಗ್ಲಾರ್ಜಿನ್ ಎಂಬ ದೀರ್ಘಾವಧಿ ಇನ್ಸುಲಿನ್ ಬಂತು. ಸೀಸೆಯ ಆಮ್ಲೀಯ ದ್ರಾವಣದಲ್ಲಿ ತಿಳಿಯಾಗಿರುವ ಇದು ಚರ್ಮದಡಿ ಸೇರಿದೊಡನೆ ಸೂಕ್ಷ್ಮ ಕಣಗಳಾಗಿ ಕಟ್ಟಿಕೊಂಡು, ಸುಮಾರು ಒಂದು ದಿನದವರೆಗೆ ದೊಡ್ಡ ಏರಿಳಿತವಿಲ್ಲದೆ ಬಿಡುಗಡೆಯಾಗುತ್ತದೆ. 2003ರ ‘ಟ್ರೀಟ್ ಟು ಟಾರ್ಗೆಟ್’ ಪ್ರಯೋಗದಲ್ಲಿ, ಮಾತ್ರೆಗಳಿಂದ ಸಕ್ಕರೆ ಹತೋಟಿಗೆ ಬಾರದ 756 ಮಂದಿಗೆ ರಾತ್ರಿ ಮಲಗುವಾಗ ಗ್ಲಾರ್ಜಿನ್ ಇಲ್ಲವೇ ಎನ್‌ಪಿಎಚ್ ಕೊಡಲಾಯಿತು. 10 ಯೂನಿಟ್‌ನಿಂದ ಆರಂಭಿಸಿ, ಬೆಳಗಿನ ಉಪವಾಸದ ಸಕ್ಕರೆ ಡೆಸಿಲೀಟರ್‌ಗೆ 100 ಮಿಲಿಗ್ರಾಂಗೆ ಇಳಿಯುವವರೆಗೆ ಪ್ರಮಾಣ ಏರಿಸುವುದು ಕ್ರಮ. ಎರಡೂ ಗುಂಪಿನಲ್ಲಿ ಶೇ. 60ರಷ್ಟು ಜನ, ಕೆಲ ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಶೇ. 7ರ ಗುರಿ ಮುಟ್ಟಿದರು. ಗ್ಲಾರ್ಜಿನ್ ಪಡೆದವರಲ್ಲಿ ರಾತ್ರಿಯ ಕುಸಿತ ಕಡಿಮೆಯಿತ್ತು. ಪ್ರಚಾರದ ಅಬ್ಬರದಲ್ಲಿ ಎರಡೂ ಗುಂಪು ಸಮನಾಗಿ ಗುರಿ ಮುಟ್ಟಿದ ಸಂಗತಿ ಮರೆಯಾದದ್ದೇ ಹೆಚ್ಚು. ಗುರಿ ಮುಟ್ಟಿಸಿದ್ದು ಔಷಧದ ಹೊಸತನಕ್ಕಿಂತ ಪ್ರಮಾಣವನ್ನು ಪಟ್ಟುಹಿಡಿದು ಏರಿಸಿದ ಶಿಸ್ತು.

12,500ಕ್ಕೂ ಹೆಚ್ಚು ಜನರನ್ನು ಗಮನಿಸಿದ 2012ರ ಒರಿಜಿನ್ ಅಧ್ಯಯನದಲ್ಲಿ ಗ್ಲಾರ್ಜಿನ್‌ನಿಂದ ಹೃದಯಾಘಾತ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಮುಂದೆ ಡೆಗ್ಲುಡೆಕ್, ವಾರಕ್ಕೊಮ್ಮೆ ಸಾಕೆನ್ನುವ ಐಕೋಡೆಕ್ ಇನ್ಸುಲಿನ್‌ಗಳು ಬಂದವು. ಬೆಂಗಳೂರಿನ ಬಯೋಕಾನ್ 2009ರಲ್ಲಿ ಭಾರತದಲ್ಲಿ ಗ್ಲಾರ್ಜಿನ್ ಮಾರಾಟಕ್ಕಿಳಿಸಿತು. ಅದು ಪಾಲುದಾರಿಕೆಯಲ್ಲಿ ರೂಪಿಸಿದ ಸೆಮ್‌ಗ್ಲೀ ಎಂಬ ಗ್ಲಾರ್ಜಿನ್‌ಗೆ 2021ರಲ್ಲಿ ಅಮೆರಿಕದಲ್ಲಿ ಮೂಲ ಔಷಧದ ಬದಲಿಗೆ ಕೊಡಬಹುದಾದ ಮೊದಲ ಇನ್ಸುಲಿನ್ ಎಂಬ ಮಾನ್ಯತೆ ದೊರೆಯಿತು. ಆದರೂ ಸ್ವಂತ ದುಡ್ಡಿನಿಂದ ಔಷಧ ಕೊಳ್ಳುವ, ರಾತ್ರಿ ಸಕ್ಕರೆ ಕುಸಿಯುವ ತೊಂದರೆಯಿಲ್ಲದ ಟೈಪ್ 2 ರೋಗಿಗೆ ಅಗ್ಗದ ಎನ್‌ಪಿಎಚ್ ಇಂದಿಗೂ ಯೋಗ್ಯ ಆಯ್ಕೆಯೇ.