ಕ್ಷಮಿಸುವ ಅಧಿಕಾರ ಯಾರದು? ಐತಿಹಾಸಿಕ ಕಾದಂಬರಿಯ ಅಪ್ರಿಯ ನಾಯಕರನ್ನು ಕುರಿತು

ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನು ಪಾಠ ಮಾಡುವಾಗಲೆಲ್ಲ ಒಂದು ಘಟ್ಟದಲ್ಲಿ ತರಗತಿ ಮೌನವಾಗುವುದನ್ನು ಗಮನಿಸಿದ್ದೇನೆ. ಕೈಗೆ ಸಿಕ್ಕ ತಂಗಿಯ ಹಸುಗೂಸನ್ನು ಅರಸನು ಕೊಲ್ಲುವ ಘಟ್ಟವದು. ಕೆಲವು ವರ್ಷಗಳ ಹಿಂದೆ ಆ ಮೌನವನ್ನು ಒಬ್ಬ ವಿದ್ಯಾರ್ಥಿನಿ ಮುರಿದಳು. “ಸರ್, ರಾಣಿ ಗೌರಮ್ಮ ಗಂಡನನ್ನು ಕ್ಷಮಿಸಿರಬಹುದು. ಆ ಮಗುವಿನ ತಾಯಿ ಕ್ಷಮಿಸಿದಳೇ?” ದುರಂತನಾಯಕನ ಲಕ್ಷಣ, ಸ್ವಭಾವದೋಷ, ವಿಧಿ ಎಂಬ ಪರಿಚಿತ ಪದಗಳಲ್ಲಿ ಉತ್ತರಿಸಿ ಪಾಠ ಮುಗಿಸಿದೆ. ವಿನೋಬನಗರದ ಮನೆಗೆ ಮರಳುವ ದಾರಿಯಲ್ಲಿಯೇ ನನ್ನ ಉತ್ತರ ಅವಳ ಪ್ರಶ್ನೆಯನ್ನು ಮುಟ್ಟಲಿಲ್ಲವೆಂದು ಅರಿವಾಯಿತು. ಅವಳು ಕೇಳಿದ್ದು ಅರಸನು ಏಕೆ ಹಾಗಾದನೆಂದಲ್ಲ. ಅವನನ್ನು ಕ್ಷಮಿಸುವ ಅಧಿಕಾರ ಯಾರಿಗಿದೆ ಎಂದು. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಬರೆಯುತ್ತಿರುವ ಉತ್ತರ.

ಕನ್ನಡದಲ್ಲಿ ಐತಿಹಾಸಿಕ ಕಾದಂಬರಿ ಮೊದಲಿಗೆ ಬೆಳೆದದ್ದು ರಮ್ಯಕಥನವಾಗಿ. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕೃತಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು ‘ಮಾಧವ ಕರುಣಾವಿಲಾಸ’ದಲ್ಲಿ ವಿಜಯನಗರದ ಉದಯವನ್ನು ಕಥೆಯಾಗಿಸಿದರು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡಿಗೆ ಆಗ ಮೆಚ್ಚಬಹುದಾದ ಪೂರ್ವಿಕರು ಬೇಕಾಗಿದ್ದರು. ಆದ್ದರಿಂದ ಆ ತಲೆಮಾರಿನ ನಾಯಕರು ಬಹುಮಟ್ಟಿಗೆ ಶೂರರು, ಸತ್ಯಸಂಧರು, ಪ್ರೀತಿಗೆ ಪಾತ್ರರು. ಅವರ ಮಟ್ಟಿಗೆ ಕ್ಷಮೆಯ ಪ್ರಶ್ನೆ ಏಳುವುದೇ ಅಪರೂಪ.

ಇಂಗ್ಲಿಷಿನ ರಮ್ಯ ಕಾದಂಬರಿಯಲ್ಲಿ ಪ್ರಶ್ನೆ ಬೇಗನೆ ಎದ್ದಿತು, ಉತ್ತರವೂ ಬೇಗನೆ ಸಿದ್ಧವಾಯಿತು. ಸ್ಯಾಮ್ಯುಯೆಲ್ ರಿಚರ್ಡ್‌ಸನ್ನನ ‘ಪಮೇಲಾ’ (೧೭೪೦) ಕೃತಿಯಲ್ಲಿ ಸೇವಕಿಯನ್ನು ಕಾಡಿ ಬಂಧನದಲ್ಲಿಟ್ಟ ಒಡೆಯನು ಕೊನೆಗೆ ಮನಸ್ಸು ತಿರುಗಿ ಅವಳನ್ನೇ ಮದುವೆಯಾಗುತ್ತಾನೆ. ದುಷ್ಟನು ಪ್ರೀತಿಯಿಂದ ತಿದ್ದಿಹೋದನು, ಮದುವೆಯೇ ಕ್ಷಮಾಪತ್ರವಾಯಿತು ಎಂಬ ಈ ಸೂತ್ರ ಇಂದಿನ ಜನಪ್ರಿಯ ಐತಿಹಾಸಿಕ ಪ್ರಣಯ ಕಾದಂಬರಿಗಳವರೆಗೆ ಹರಿದುಬಂದಿದೆ. ಸೂತ್ರವನ್ನು ಹಾಕಿಕೊಟ್ಟ ಲೇಖಕನೇ ಎಂಟು ವರ್ಷಗಳೊಳಗೆ ಅದನ್ನು ಪ್ರಶ್ನಿಸಿದನೆಂಬುದು ಗಮನಾರ್ಹ. ‘ಕ್ಲಾರಿಸಾ’ ಕಾದಂಬರಿಯಲ್ಲಿ ಲವ್‌ಲೇಸನಿಂದ ಘೋರ ಅನ್ಯಾಯಕ್ಕೊಳಗಾದ ನಾಯಿಕೆ ಅವನನ್ನು ಕ್ಷಮಿಸುತ್ತಾಳೆ, ಆದರೆ ಮದುವೆಯಾಗಲು ಒಪ್ಪದೆ ಸಾಯುತ್ತಾಳೆ. ಇಬ್ಬರನ್ನೂ ಒಂದುಗೂಡಿಸಿ ಕಥೆಯನ್ನು ಸುಖಾಂತಗೊಳಿಸೆಂದು ಓದುಗರು ಬೇಡಿಕೊಂಡರೂ ರಿಚರ್ಡ್‌ಸನ್ ಮಣಿಯಲಿಲ್ಲ. ಕ್ಷಮೆ ಬೇರೆ, ಮಾಡಿದ ಕೃತ್ಯವನ್ನು ಇಲ್ಲವಾಗಿಸುವುದು ಬೇರೆ ಎಂಬ ವಿವೇಕವನ್ನು ಆ ಕೃತಿ ಉಳಿಸಿಕೊಂಡಿತು.

ಈ ವಿವೇಕ ಕನ್ನಡಕ್ಕೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಅಪ್ರಿಯ ನಾಯಕನನ್ನು ಕಾವ್ಯದ ನಡುವೆ ನಿಲ್ಲಿಸಿ ನೋಡುವ ಪದ್ಧತಿ ನಮ್ಮ ಜೈನಕವಿಗಳಲ್ಲಿ ಹಳೆಯದು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣ ಪ್ರಸಿದ್ಧ ನಿದರ್ಶನ. ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂಬ ವ್ರತ ಹಿಡಿದವನು ಸೀತೆಯನ್ನು ಕಂಡು ಚಿತ್ತ ಕದಡಿ ಅಪಹರಿಸುತ್ತಾನೆ; ಆಕೆಯ ಮೂರ್ಛೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ; ಆದರೂ ಯುದ್ಧದಲ್ಲಿ ಗೆದ್ದ ಮೇಲೆಯೇ ಒಪ್ಪಿಸುವೆನೆಂಬ ಅಭಿಮಾನಕ್ಕೆ ಸಿಕ್ಕಿ ಅಳಿಯುತ್ತಾನೆ. ತೀ.ನಂ. ಶ್ರೀಕಂಠಯ್ಯನವರು ಈ ರಾವಣನನ್ನು ದುರಂತನಾಯಕನೆಂದು ವಿವೇಚಿಸಿದ ಮೇಲೆ ನಮ್ಮ ವಿಮರ್ಶೆ ಅವನನ್ನು ಬಹಳ ಮೆಚ್ಚಿಕೊಂಡಿದೆ. ಮೆಚ್ಚುಗೆಯ ಭರದಲ್ಲಿ ಒಂದು ಸಂಗತಿ ಮರೆಯಾಗುತ್ತದೆ. ಪಶ್ಚಾತ್ತಾಪ ಹುಟ್ಟಿದ ಗಳಿಗೆಗೂ ಸೀತೆಯ ಬಿಡುಗಡೆಯ ಗಳಿಗೆಗೂ ನಡುವಿನ ಕಾಲವನ್ನು ಸೆರೆಯಲ್ಲಿ ಕಳೆದವಳು ಸೀತೆ. ರಾವಣನ ಮಾನಕ್ಕೆ ಬೆಲೆ ತೆತ್ತವಳು ಅವಳು.

ಜೈನ ರಾಮಕಥಾಪರಂಪರೆ ಈ ಲೆಕ್ಕವನ್ನು ಮರೆತಿಲ್ಲ. ರವಿಷೇಣನ ‘ಪದ್ಮಚರಿತ’, ಹೇಮಚಂದ್ರನ ‘ತ್ರಿಷಷ್ಟಿಶಲಾಕಾಪುರುಷಚರಿತೆ’ಗಳಲ್ಲಿ ಕಥೆಯ ಕೊನೆಗೆ ಒಂದು ಅಪೂರ್ವ ಪ್ರಸಂಗವಿದೆ. ತಪಸ್ಸಿನಿಂದ ಇಂದ್ರಪದವಿ ಪಡೆದ ಸೀತೆಯ ಜೀವ ನರಕಕ್ಕೆ ಇಳಿದುಹೋಗುತ್ತದೆ. ಅಲ್ಲಿ ರಾವಣನೂ ಲಕ್ಷ್ಮಣನೂ ಹಳೆಯ ವೈರವನ್ನು ಬಿಡದೆ ಹೋರಾಡುತ್ತಿರುತ್ತಾರೆ. ಸೀತೆಯ ಜೀವ ಅವರಿಗೆ ಧರ್ಮವನ್ನು ತಿಳಿಹೇಳಿ ವೈರವನ್ನು ಶಮನಗೊಳಿಸುತ್ತದೆ. ಅವರನ್ನು ಮೇಲಕ್ಕೆತ್ತಲೂ ಯತ್ನಿಸುತ್ತದೆ. ಎತ್ತಲಾಗುವುದಿಲ್ಲ. ಅವರ ಕರ್ಮವನ್ನು ಅವರೇ ಸವೆಸಬೇಕು. ಕ್ಷಮೆಯನ್ನು ಇಷ್ಟು ನಿಖರವಾಗಿ ಬಿಡಿಸಿಟ್ಟ ಪ್ರಸಂಗ ನನಗೆ ಬೇರೆಡೆ ಕಂಡಿಲ್ಲ. ಅನ್ಯಾಯಕ್ಕೊಳಗಾದವಳೇ ಸ್ವಂತ ಇಚ್ಛೆಯಿಂದ ಇಳಿದುಬರುತ್ತಾಳೆ. ಅವಳ ಪರವಾಗಿ ಬೇರೆ ಯಾರೂ ಕ್ಷಮಿಸುವುದಿಲ್ಲ. ಅವಳ ಕರುಣೆಯೂ ಕೃತ್ಯದ ಫಲವನ್ನು ಅಳಿಸುವುದಿಲ್ಲ.

ಇಲ್ಲಿಂದ ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು. ಒಂದು, ಅರಿವು: ಈ ಮನುಷ್ಯ ಏಕೆ ಹೀಗಾದನೆಂಬ ತಿಳಿವಳಿಕೆ. ಇದು ಕವಿಯ ಕೆಲಸ, ಓದುಗನ ಪಾಲು. ಎರಡು, ಕ್ಷಮೆ: ಇದು ನೊಂದವರಿಗೆ ಮಾತ್ರ ಸೇರಿದ್ದು. ಮೂರು, ಫಲ: ಇದು ಯಾರ ಕೈಯಲ್ಲಿಯೂ ಇಲ್ಲ. ಪ್ರಣಯ ಕಾದಂಬರಿಯ ಸೂತ್ರ ಈ ಮೂರನ್ನೂ ಒಂದೇ ಮದುವೆಯ ಚಪ್ಪರದಲ್ಲಿ ಕೂಡಿಸಿಬಿಡುತ್ತದೆ. ಮೂರನ್ನೂ ಬೇರೆಯಾಗಿಟ್ಟುಕೊಂಡ ಕೃತಿ ಅಪ್ರಿಯ ನಾಯಕನನ್ನು ಸುಳ್ಳಿಲ್ಲದೆ ಚಿತ್ರಿಸಬಲ್ಲದು.

ಈಗ ಮಾಸ್ತಿಯವರ ಕಾದಂಬರಿಗೆ ಬರೋಣ. ‘ಚಿಕವೀರ ರಾಜೇಂದ್ರ’ ಪ್ರಕಟವಾದದ್ದು ೧೯೫೬ರಲ್ಲಿ. ಅದೇ ವರ್ಷ ನವೆಂಬರ್ ೧ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. ನಾಡು ಒಂದಾಗುವ ಸಂಭ್ರಮದ ವರ್ಷದಲ್ಲಿ ಮಾಸ್ತಿ ಆರಿಸಿಕೊಂಡದ್ದು ನಾಡನ್ನು ಕಳೆದವನ ಕಥೆಯನ್ನು. ಮುಂದೆ ೧೯೮೩ರ ಜ್ಞಾನಪೀಠ ಪುರಸ್ಕಾರದ ಸಂದರ್ಭದಲ್ಲಿ ಕೃತಿ ಮತ್ತೆ ಚರ್ಚೆಗೆ ಬಂತು.

ಚರಿತ್ರೆಯ ಚಿಕವೀರರಾಜೇಂದ್ರ ೧೮೨೦ರಿಂದ ೧೮೩೪ರವರೆಗೆ ಕೊಡಗನ್ನು ಆಳಿದನು. ೧೮೩೪ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಮಡಿಕೇರಿಯನ್ನು ಹಿಡಿಯಿತು. ಮೇ ತಿಂಗಳಲ್ಲಿ ಕೊಡಗು ಕಂಪನಿಯ ರಾಜ್ಯಕ್ಕೆ ಸೇರಿತು. ಅರಸನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಹೋದನು. ೧೮೫೨ರಲ್ಲಿ ಮಗಳು ಗೌರಮ್ಮನೊಡನೆ ಲಂಡನ್ನಿಗೆ ತೆರಳಿದನು. ಮಗಳು ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಕ್ರೈಸ್ತಧರ್ಮ ಸ್ವೀಕರಿಸಿದಳು. ತನ್ನ ಹಣಕ್ಕಾಗಿ ಕಂಪನಿಯ ಮೇಲೆ ವ್ಯಾಜ್ಯ ಹೂಡಿದ ಅರಸನು ೧೮೫೯ರಲ್ಲಿ ಆ ದೂರದ ನಗರದಲ್ಲಿಯೇ ತೀರಿಕೊಂಡನು.

ಇಂಥ ವಸ್ತುವಿನಲ್ಲಿ ಲೇಖಕನಿಗೆ ಎರಡು ಸುಲಭದ ದಾರಿಗಳಿದ್ದವು. ಅರಸನ ದುಷ್ಟತನವನ್ನೇ ಹಿಗ್ಗಿಸಿದರೆ, ಕೊಡಗನ್ನು ನುಂಗಿದ ಆಂಗ್ಲರ ಸಮರ್ಥನೆಯನ್ನು ಒಪ್ಪಿದಂತಾಗುತ್ತದೆ. ಪ್ರಜೆಗಳನ್ನು ಕ್ರೂರ ದೊರೆಯಿಂದ ಪಾರುಮಾಡಿದೆವೆಂಬುದೇ ಅವರ ಘೋಷಣೆಯಾಗಿತ್ತು. ಆಂಗ್ಲರ ಕಪಟವನ್ನೇ ಹಿಗ್ಗಿಸಿದರೆ, ಅರಸನು ಹುತಾತ್ಮನಾಗಿ ಅವನ ಕೈಯಲ್ಲಿ ಸತ್ತವರು ಎರಡನೆಯ ಸಲ ಸಾಯುತ್ತಾರೆ. ಮಾಸ್ತಿ ಎರಡನ್ನೂ ಹಿಡಿಯಲಿಲ್ಲ. ಅರಸನು ಕೆಟ್ಟವನು, ಅವನ ಕೆಡುಕನ್ನು ಬಳಸಿಕೊಂಡವರಿಗೆ ರಾಜ್ಯದ ಮೇಲೆ ಕಣ್ಣಿತ್ತು. ಒಂದು ಸತ್ಯ ಇನ್ನೊಂದನ್ನು ಅಳಿಸುವುದಿಲ್ಲವೆಂಬ ನಿಲುವಿನ ಮೇಲೆ ಕಾದಂಬರಿ ನಿಂತಿದೆ. ಮಂತ್ರಿ ಬೋಪಣ್ಣ ಆಂಗ್ಲರ ಕಡೆ ವಾಲುವ ಪ್ರಸಂಗವನ್ನು ದ್ರೋಹವೆಂದೂ ಕರ್ತವ್ಯವೆಂದೂ ತಟಕ್ಕನೆ ಹೆಸರಿಸಲಾಗದ ಇಕ್ಕಟ್ಟು ಹುಟ್ಟುವುದು ಇದರಿಂದಲೇ.

ಅರಿವಿನ ಕೆಲಸವನ್ನು ಮಾಸ್ತಿ ಧಾರಾಳವಾಗಿ ಮಾಡುತ್ತಾರೆ. ಅಂಕೆಯಿಲ್ಲದೆ ಬೆಳೆದ ಬಾಲ್ಯ, ಅಧಿಕಾರದ ಭಯ, ಸಂಶಯ, ವ್ಯಸನ ಇವೆಲ್ಲವೂ ನಮ್ಮ ಕಣ್ಣೆದುರು ಬರುತ್ತವೆ. ಕುಂಟ ಬಸವನ ಪಾತ್ರದಲ್ಲಿ ಅವರು ಇನ್ನೂ ಎಚ್ಚರದಿಂದಿದ್ದಾರೆ. ಅರಸನ ದುಶ್ಚಟಗಳಿಗೆ ಒದಗುವ ಬಸವನ ತಲೆಗೆ ಎಲ್ಲ ಪಾಪವನ್ನೂ ಕಟ್ಟಿ ಅರಸನನ್ನು ತೊಳೆದುಬಿಡುವುದು ಸಾಧ್ಯವಿತ್ತು. ‘ದೊರೆ ಒಳ್ಳೆಯವನೇ, ಸುತ್ತಲಿನವರು ಕೆಡಿಸಿದರು’ ಎಂಬ ಮಾತು ಇಂದಿಗೂ ನಮ್ಮ ಸಾರ್ವಜನಿಕ ಜೀವನದಲ್ಲಿ ಚಲಾವಣೆಯಲ್ಲಿದೆ. ಆದರೆ ಕಾದಂಬರಿಯಲ್ಲಿ ಬಸವನು ಭಗವತಿಯ ಮಗ, ಲಿಂಗರಾಜನಿಗೇ ಹುಟ್ಟಿದವನು, ಅರಸನಿಗೆ ಒಡಹುಟ್ಟು. ಅರಮನೆ ತಾನೇ ಹೆತ್ತು ನಾಯಿಗಳ ನಡುವೆ ಬೆಳೆಸಿದ ಕೂಸಿನ ಮೇಲೆ ಅರಮನೆಯ ಪಾಪವನ್ನು ಹೊರಿಸುವಂತಿಲ್ಲ. ಅಪರಾಧ ಮತ್ತೆ ಸಿಂಹಾಸನಕ್ಕೇ ಮರಳುತ್ತದೆ.

ರಾಣಿ ಗೌರಮ್ಮ ಇಡೀ ಕೃತಿಯ ಸಾತ್ತ್ವಿಕ ಚೇತನ. ಪ್ರಣಯ ಕಾದಂಬರಿಯ ಸೂತ್ರದಂತೆ ನಡೆದಿದ್ದರೆ ಅವಳ ಒಲವು ಅರಸನನ್ನು ತಿದ್ದಬೇಕಾಗಿತ್ತು, ಅವಳ ಕ್ಷಮೆ ಎಲ್ಲರ ಕ್ಷಮೆಯಾಗಬೇಕಾಗಿತ್ತು. ಹಾಗಾಗುವುದಿಲ್ಲ. ಅವಳ ತಾಳ್ಮೆಗೆ ಮಂತ್ರಿಗಳು ತಲೆಬಾಗುತ್ತಾರೆ, ಆದರೆ ಅದು ರಾಜ್ಯವನ್ನು ಉಳಿಸುವುದಿಲ್ಲ. ಹೆಂಡತಿಯಾಗಿ ಅವಳು ತನಗಾದ ನೋವನ್ನು ಸಹಿಸಬಹುದು, ಮನ್ನಿಸಬಹುದು. ನಾದಿನಿ ದೇವಮ್ಮಾಜಿಯ ಮಡಿಲು ಬರಿದಾದದ್ದನ್ನು ಮನ್ನಿಸಲು ಅವಳಿಗೂ ಅಧಿಕಾರವಿಲ್ಲ. ಮಾಸ್ತಿ ಆ ಪೀಠವನ್ನು ಖಾಲಿಯಾಗಿಯೇ ಬಿಟ್ಟಿದ್ದಾರೆ. ನನ್ನ ವಿದ್ಯಾರ್ಥಿನಿ ಗುರುತಿಸಿದ್ದು ಆ ಖಾಲಿ ಪೀಠವನ್ನು. ನಾನು ಅದನ್ನು ಕಾಣದೆ ಲಕ್ಷಣಗ್ರಂಥದ ಮಾತನಾಡಿದ್ದೆ.

ಇಷ್ಟು ಹೇಳಿದ ಮೇಲೆ ನಮ್ಮ ಓದಿನ ಒಂದು ಪಕ್ಷಪಾತವನ್ನೂ ಒಪ್ಪಿಕೊಳ್ಳಬೇಕು. ಅಪ್ರಿಯ ನಾಯಕನಿಗೆ ನಾವು ತೋರುವ ಔದಾರ್ಯ ಅಪ್ರಿಯ ನಾಯಿಕೆಗೆ ದೊರೆಯುವುದಿಲ್ಲ. ಜನ್ನನೊಬ್ಬನಲ್ಲಿಯೇ ಇದಕ್ಕೆ ಎರಡು ನಿದರ್ಶನಗಳಿವೆ. ‘ಅನಂತನಾಥಪುರಾಣ’ದ (೧೨೩೦) ಚಂಡಶಾಸನ ಅತಿಥಿಯಾಗಿ ಬಂದ ಮನೆಯಲ್ಲಿ ಗೆಳೆಯ ವಸುಷೇಣನ ಮಡದಿ ಸುನಂದೆಯನ್ನು ಕದ್ದೊಯ್ಯುತ್ತಾನೆ, ಗಂಡನ ಕೃತಕ ಶಿರಸ್ಸನ್ನು ತೋರಿಸಿ ಅವಳ ಸಾವಿಗೆ ಕಾರಣನಾಗುತ್ತಾನೆ, ಕೊನೆಗೆ ಅವಳ ಚಿತೆಯನ್ನು ತಾನೂ ಏರುತ್ತಾನೆ. ಆ ಚಿತೆಯ ಬೆಳಕಿನಲ್ಲಿ ವಿಮರ್ಶಕರು ಅವನನ್ನು ದುರಂತಪ್ರೇಮಿಯೆಂದು ಕಂಡಿದ್ದಾರೆ. ವಸುಷೇಣ ಮಾತ್ರ ಕ್ಷಮಿಸಲಿಲ್ಲ. ತಪಸ್ಸಿಗೆ ನಿಂತರೂ ನಿದಾನ ಕಟ್ಟಿಕೊಂಡು ಮರುಜನ್ಮದಲ್ಲಿ ಹಗೆ ತೀರಿಸಿದನೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದೇ ಜನ್ನನ ‘ಯಶೋಧರಚರಿತೆ’ಯ (೧೨೦೯) ಅಮೃತಮತಿಗೆ ಚಿತೆಯ ಗೌರವವಿಲ್ಲ, ರೋಗವೂ ನರಕವೂ ಅವಳ ಪಾಲು. ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅವಳ ಕೃತ್ಯ ಘೋರವೆಂಬುದರಲ್ಲಿ ಸಂಶಯವಿಲ್ಲ. ಆದರೆ ಚಂಡಶಾಸನನ ವಿಷಯದಲ್ಲಿ ‘ಏಕೆ’ ಎಂದು ಕೇಳಿದ ನಾವು ಅವಳ ವಿಷಯದಲ್ಲಿ ಬಹುಕಾಲ ಹಾಗೆ ಕೇಳಲಿಲ್ಲ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ಆ ಪ್ರಶ್ನೆಯನ್ನು ಎತ್ತುವ ಹೊತ್ತಿಗೆ ಏಳೂವರೆ ಶತಮಾನಗಳು ಕಳೆದಿದ್ದವು.

ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೂ ಇಂಥ ಒಬ್ಬಳಿದ್ದಾಳೆ. ಹೊಸನಗರ ತಾಲ್ಲೂಕಿನ ಇಂದಿನ ನಗರವೇ ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು. ದತ್ತುಮಗ ಚೆನ್ನಬಸವನಾಯಕನ ಕಾಲಾನಂತರ ಆಳಿದ ವೀರಮ್ಮಾಜಿಯ ಕೈಯಿಂದ ೧೭೬೩ರಲ್ಲಿ ಹೈದರಾಲಿ ಬಿದನೂರನ್ನು ಕಸಿದುಕೊಂಡನು. ಆ ದಂಡಯಾತ್ರೆಯಲ್ಲಿ ಚಿತ್ರದುರ್ಗದ ಮದಕರಿನಾಯಕ ಹೈದರನ ಕಡೆಯಿದ್ದನು. ಮಧುಗಿರಿಯ ಸೆರೆಯಲ್ಲಿದ್ದ ವೀರಮ್ಮಾಜಿಯನ್ನು ೧೭೬೭ರಲ್ಲಿ ಮರಾಠರು ಬಿಡಿಸಿದರು. ಮಾಸ್ತಿಯವರ ಮೊದಲ ಐತಿಹಾಸಿಕ ಕಾದಂಬರಿ ‘ಚೆನ್ನಬಸವನಾಯಕ’ಕ್ಕೆ ಇದೇ ವಸ್ತು. ಮಗನ ಸಾವು, ನಿಂಬಯ್ಯನೊಡನೆ ರಾಣಿಯ ಸಂಬಂಧ ಎಂಬ ಅಪವಾದಗಳನ್ನು ಬಹುಮಟ್ಟಿಗೆ ಹರಡಿದ್ದು ಬಿದನೂರು ಬಿದ್ದ ಮೇಲೆ ಗೆದ್ದವರ ಆಶ್ರಯದಲ್ಲಿಯೂ ಆಂಗ್ಲ ಇತಿಹಾಸಕಾರ ವಿಲ್ಕ್ಸನಂಥವರ ಬರಹದಲ್ಲಿಯೂ ದಾಖಲಾದ ಕಥನಗಳು. ರಾಜ್ಯ ಕಳೆದುಕೊಂಡ ಅರಸನ ಶೀಲದ ಬಗ್ಗೆ ಗೆದ್ದವನು ಹೇಳಿದ ಮಾತನ್ನು ಸಂಶಯದಿಂದ ನೋಡುವ ನಾವು, ರಾಣಿಯ ಶೀಲದ ಬಗ್ಗೆ ಅದೇ ಬಾಯಿ ಹೇಳಿದ್ದನ್ನು ಸುಲಭವಾಗಿ ನಂಬುತ್ತೇವೆ.

ಇದನ್ನು ಮದಕರಿನಾಯಕನ ವಿಷಯದೊಡನೆ ಹೋಲಿಸಬಹುದು. ತ.ರಾ.ಸು. ಅವರ ‘ದುರ್ಗಾಸ್ತಮಾನ’ದಲ್ಲಿ (೧೯೮೨) ಅವನ ಮುಂಗೋಪವೂ ಹಠವೂ ಮರೆಯಾಗಿಲ್ಲ. ೧೭೭೯ರಲ್ಲಿ ಹೈದರನಿಗೆ ಸೆರೆಸಿಕ್ಕ ಅವನ ಅಂತ್ಯವನ್ನು ಓದುವಾಗ ಆ ದೋಷಗಳೆಲ್ಲ ಶೌರ್ಯದಲ್ಲಿ ಕರಗಿಹೋಗುತ್ತವೆ. ಇಬ್ಬರನ್ನೂ ಕೆಡವಿದವನು ಒಬ್ಬನೇ. ಒಬ್ಬನ ಸೋಲು ನಮಗೆ ‘ಅಸ್ತಮಾನ’, ಇನ್ನೊಬ್ಬಳ ಸೋಲು ‘ಕರ್ಮಫಲ’. ವಿದ್ಯಾರ್ಥಿಗಳೊಡನೆ ನಗರದ ಕೋಟೆಯನ್ನು ಏರಿದಾಗಲೆಲ್ಲ ಶಿವಪ್ಪನಾಯಕನ ಹೆಸರು ಎಲ್ಲರ ಬಾಯಲ್ಲಿರುತ್ತದೆ. ವೀರಮ್ಮಾಜಿಯ ಮಾತು ಬಂದರೆ ಅದು ಪಿಸುಮಾತಾಗುತ್ತದೆ. ಅವಳು ನಿರಪರಾಧಿಯೆಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಚಿಕವೀರನಿಗೆ ಮಾಸ್ತಿ ತೋರಿದ ಅರಿವಿನ ಔದಾರ್ಯವನ್ನು ನಾವು ಅವಳಿಗೂ ತೋರಬೇಕು ಎಂಬಷ್ಟೇ ನನ್ನ ವಿನಂತಿ. ಸಂಶೋಧಕ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಇನ್ನೂ ಇದೆ.

ಅಪ್ರಿಯ ನಾಯಕನನ್ನು ಓದುವಾಗ ನಾವು ನ್ಯಾಯಾಧೀಶರೂ ಅಲ್ಲ, ಕ್ಷಮಿಸಬಲ್ಲ ಸಂತ್ರಸ್ತರೂ ಅಲ್ಲ. ನಮಗಿರುವುದು ಸಾಕ್ಷಿಯ ಸ್ಥಾನ. ಕಂಡದ್ದನ್ನು ಪೂರ್ತಿಯಾಗಿ ಕಾಣುವುದು, ನೊಂದವರ ಹೆಸರನ್ನು ಮರೆಯದಿರುವುದು, ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಮತ್ತೊಂದು ಅಳತೆ ಹಿಡಿಯದಿರುವುದು ಸಾಕ್ಷಿಯ ಧರ್ಮ.

ಆ ವಿದ್ಯಾರ್ಥಿನಿ ಈಗ ಎಲ್ಲೋ ತಾನೇ ಪಾಠ ಮಾಡುತ್ತಿರಬಹುದು. ಅವಳಿಗೆ ನನ್ನ ಉತ್ತರ ಇಷ್ಟೆ: ಇಲ್ಲ, ಆ ತಾಯಿ ಕ್ಷಮಿಸಲಿಲ್ಲ. ಕ್ಷಮಿಸೆಂದು ಮಾಸ್ತಿ ಅವಳನ್ನು ಕೇಳಲೂ ಇಲ್ಲ.