ಕಿಬ್ಲಾದ ದಿಕ್ಕು ಮತ್ತು ನಕ್ಷೆಯ ಇತಿಹಾಸ



ನಮ್ಮ ಬಸವಕಲ್ಯಾಣ, ಹುಮನಾಬಾದಿನಲ್ಲಿ ಕಿಬ್ಲಾ ಯಾವ ಕಡೆ ಎಂದು ಕೇಳಿದರೆ ಮಕ್ಕಳೂ ‘ಪಶ್ಚಿಮ’ ಎನ್ನುತ್ತಾರೆ. ಲೆಕ್ಕ ಹಾಕಿದರೆ ಅದು ಪಶ್ಚಿಮದಿಂದ ಸುಮಾರು 12 ಡಿಗ್ರಿ ಉತ್ತರಕ್ಕೆ ವಾಲಿದೆ. ಇದನ್ನು ತಿಳಿಯಲು ಮಕ್ಕಾ ಎಲ್ಲಿದೆ, ನಮ್ಮೂರು ಎಲ್ಲಿದೆ ಎಂಬ ಖಚಿತ ಅಳತೆ ಬೇಕು. ನಕ್ಷೆಯ ವಿದ್ಯೆಗೆ ಮುಸ್ಲಿಮ್ ವಿದ್ವಾಂಸರು ಗಮನ ಕೊಡಲು ಇದೂ ಒಂದು ಕಾರಣ.

ಅಕ್ಷಾಂಶವನ್ನು ಸೂರ್ಯ, ನಕ್ಷತ್ರಗಳ ಎತ್ತರದಿಂದ ಅಳೆಯಬಹುದು, ರೇಖಾಂಶ ಕಷ್ಟ. ಕ್ರಿ.ಶ. 997ರಲ್ಲಿ ಅಲ್ ಬಿರೂನಿ ಖ್ವಾರಿಝ್ಮ್‌ನಲ್ಲಿ, ಅಬುಲ್ ವಫಾ ಬಗ್ದಾದಿನಲ್ಲಿ ಒಂದೇ ಚಂದ್ರಗ್ರಹಣವನ್ನು ನೋಡಿ ತಮ್ಮ ತಮ್ಮ ಊರಿನ ಸಮಯ ಗುರುತಿಸಿದರು. ಒಂದು ಗಂಟೆಯ ವ್ಯತ್ಯಾಸವೆಂದರೆ 15 ಡಿಗ್ರಿ. ಈ ಲೆಕ್ಕದಲ್ಲಿ ಮಕ್ಕಾಕ್ಕೂ ನಮಗೂ ಸುಮಾರು 37 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಎರಡೂವರೆ ಗಂಟೆಯ ಅಂತರ. ಮುಂದೆ ಬಿರೂನಿ ಊರುಗಳ ಸ್ಥಾನ ನಿರ್ಣಯಿಸುವ ಗ್ರಂಥ ಬರೆದು, ಅದರಲ್ಲಿ ಘಝ್ನಿ ಪಟ್ಟಣದ ಕಿಬ್ಲಾವನ್ನು ಲೆಕ್ಕಹಾಕಿದರು.

ಎಂಟು ನೂರು ವರ್ಷಗಳ ನಂತರ ಅಳತೆಯ ಸರಪಳಿ ನಮ್ಮ ಸೀಮೆಗೂ ಬಂತು. 1802ರಲ್ಲಿ ಮದ್ರಾಸಿನಲ್ಲಿ ವಿಲಿಯಂ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನ ಸರ್ವೆಯವರು 1815ರಲ್ಲಿ ಬೀದರ್ ಸಮೀಪ ಒಂದು ಆಧಾರ ರೇಖೆ ಅಳೆದರು. ಒಂದು ಗೆರೆಯನ್ನು ನೆಲದ ಮೇಲೆ ಸರಪಳಿಯಿಂದ ಅಳೆದರೆ ಸಾಕು. ಗುಡ್ಡದಿಂದ ಗುಡ್ಡಕ್ಕೆ ಕೋನ ನೋಡಿ ಉಳಿದ ದೂರಗಳನ್ನು ಲೆಕ್ಕದಿಂದಲೇ ಪಡೆಯಬಹುದು. 1841ರಲ್ಲಿ ಅದೇ ಬೀದರ್ ರೇಖೆಯನ್ನು ಇನ್ನೂ ಸೂಕ್ಷ್ಮ ಸಾಧನಗಳಿಂದ ಮತ್ತೆ ಅಳೆದರು. ಆ ಸರ್ವೆಯ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದ ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ತಮ್ಮ ಕೈಚಳಕದಿಂದಲೇ ಸರ್ವೆಯ ಉಪಕರಣ ತಯಾರಕರ ಹುದ್ದೆಗೆ ಏರಿದರು.

ಕಂಪನಿಗೆ ನಕ್ಷೆ ಬೇಕಾದದ್ದು ಆಳಲು, ಕಂದಾಯ ಎತ್ತಲು. ನಮಗೆ ಬೇಕಾಗಿರುವುದು ಅಮಾನತ್ ಕಾಪಾಡಲು. ಅನ್ಯರ ಗೇಣು ನೆಲ ಕಬಳಿಸಿದವನಿಗೂ ಆಖಿರತ್ತಿನಲ್ಲಿ ಕಠಿಣ ಶಿಕ್ಷೆ ಇದೆ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಒತ್ತುವರಿ ಮಾಡಿದವನು ನಮ್ಮವನೇ ಆಗಿದ್ದರೂ ಈ ಎಚ್ಚರಿಕೆ ಅವನಿಗೂ ಅನ್ವಯಿಸುತ್ತದೆ. ಖಬರಸ್ತಾನದ ಗಡಿ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದರೆ, ಆ ಹಿರಿಯರ ಜೊತೆ ಗಡಿಯೂ ಮಣ್ಣಾಗುತ್ತದೆ. ಆದ್ದರಿಂದ ಪ್ರತಿ ಜಮಾಅತ್ ತನ್ನ ವಕ್ಫ್ ಜಮೀನಿನ ಸರ್ವೆ ನಂಬರ್, ಪಹಣಿ, ನಕ್ಷೆಯ ಪ್ರತಿ ಪಡೆದಿಡಲಿ. ಸಂಶಯವಿದ್ದಲ್ಲಿ ಅರ್ಜಿ ಕೊಟ್ಟು, ಅಕ್ಕಪಕ್ಕದ ಹೊಲದವರನ್ನೂ ಕರೆದು ಹದ್ದುಬಸ್ತು ಮಾಡಿಸಲಿ.

ಇನ್ನು ಹಳೆಯ ಮಸೀದಿಗಳ ಮಿಹ್ರಾಬ್ ನೇರ ಪಶ್ಚಿಮಕ್ಕಿದ್ದರೆ ಜಗಳ ಬೇಡ. ಅಷ್ಟು ವ್ಯತ್ಯಾಸದಿಂದ ನಮಾಝ್ ಕೆಡುವುದಿಲ್ಲ ಎಂದು ಫುಕಹಾಗಳು ಹೇಳಿದ್ದಾರೆ. ಹೊಸ ಮಸೀದಿಗೆ ಪಾಯ ತೋಡುವ ಮುನ್ನ ದಿಕ್ಕು ಅಳೆದು ನೋಡಿ, ಅಷ್ಟೇ.

ದಿಕ್ಕನ್ನೂ ಹಕ್ಕನ್ನೂ ಅರಿತು ನಡೆಯುವ ತೌಫೀಕನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.